ಬಾಣಂತಿ ನೀರಿಗೆ ಯಾವ ವೈರು?

ಹೋದ ಮಂಗಳವಾರ ಒಬ್ಬ ಎಲೆಕ್ಟ್ರಿಶಿಯನ್ ನನ್ನ ಕಣ್ಣೆದುರಿಗೇ, ನಾನು ಕೊಂಡು ತಂದ ಹೊಸ ವೈರಿನ ಸುರುಳಿಯನ್ನು ಮೊಳ ಮೊಳ ಅಳತೆಗೆ ಕತ್ತರಿಸಿ ನೆಲಕ್ಕೆ ಹಾಕಿದ. ಹನ್ನೊಂದು ತುಂಡು. ಒಂದೊಂದು ತುಂಡು ಬೀಳುವಾಗಲೂ ನನ್ನ ಮುಖ ನೋಡುತ್ತಿದ್ದ. ಆಮೇಲೆ ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡ. ‘ಬರ್ತೀನ್ರಿ ಅವ್ವಾ’ ಅಂದ. ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನ ಕಡೆ ನಡೆದ.

ನಾನು ಬೈದೆ. ಕನ್ನಡದ ಬೈಗುಳ ಮುಗಿದ ಮೇಲೆ ತೆಲುಗಿನವನ್ನು ತೆಗೆದೆ. (ನಲವತ್ತು ವರ್ಷ ಈ ಊರಿನಲ್ಲಿದ್ದು ನಾನು ಸರಿಯಾಗಿ ಕಲಿತ ತೆಲುಗು ಅಷ್ಟೇ.)

ಈ ವಾರ ಆ ಮನುಷ್ಯನನ್ನು ಹೊಗಳಲು ಕುಳಿತಿದ್ದೇನೆ. ಹೊಗಳಿ ಅಭ್ಯಾಸವಿಲ್ಲ. ಸ್ವಲ್ಪ ಒರಟಾಗಿ ಬಂದರೆ ಸಹಿಸಿಕೊಳ್ಳಿ.

ನನ್ನ ಕೆಲಸ ನಿಮಗೆ ಗೊತ್ತಿದೆ. ಗೊತ್ತಿಲ್ಲದ ಹೊಸಬರಿಗೆ ಹೇಳುತ್ತೇನೆ. ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವವಳು ನಾನು. ಗಂಡ ಇಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿದ್ದರು, ಹಾಗಾಗಿ ಹೈದರಾಬಾದಿಗೆ ಬಂದೆ. ಅವರು ಹೋದರು, ಕೈಯ ಕೆಲಸ ಉಳಿಯಿತು. ಓದಿದ್ದು ಮೂರನೇ ಇಯತ್ತೆ. ಬರೆದಿದ್ದರಲ್ಲಿ ಒತ್ತಕ್ಷರ ತಪ್ಪಿದರೆ ಪತ್ರಿಕೆಯವರು ತಿದ್ದುತ್ತಾರೆ. ಮಾತು ತಪ್ಪಿದರೆ ಅದು ನನ್ನದೇ.

ಮೊದಲು ಈ ಕೆಲಸಕ್ಕೆ ವರ್ಷಕ್ಕೆ ನಾಲ್ಕು ಮನೆ ಸಿಕ್ಕರೆ ಹೆಚ್ಚು. ಈಗ ಊರಂಚಿನ ಮಣಿಕೊಂಡದಲ್ಲಿ ಬಂಡೆ ಒಡೆದಲ್ಲೆಲ್ಲ ಫ್ಲ್ಯಾಟ್ ಎದ್ದಿದೆ. ಫ್ಲ್ಯಾಟ್ ಎದ್ದಲ್ಲೆಲ್ಲ ಮೈಸೂರು, ಮಂಗಳೂರು, ಧಾರವಾಡದ ಹುಡುಗ ಹುಡುಗಿಯರು ಬಂದು ತುಂಬಿದ್ದಾರೆ. ಹಗಲೆಲ್ಲ ಕಂಪ್ಯೂಟರಿನ ಮುಂದೆ ಇಂಗ್ಲಿಷಿನಲ್ಲಿ ಮಾತಾಡುವವರು. ಹೆತ್ತ ಮೂರನೇ ದಿನಕ್ಕೆ ‘ಅಜ್ಜೀ, ಸೊಂಟ’ ಅಂತ ಕನ್ನಡದಲ್ಲೇ ಅಳುತ್ತಾರೆ. ಒಂದು ಮನೆಯಿಂದ ಇನ್ನೊಂದು ಮನೆಗೆ ನನ್ನ ನಂಬರು ಹೋಗುತ್ತದೆ.

ಹಾಗೆ ಹೋದದ್ದು ವಿದ್ಯಾಳ ಮನೆಗೆ. ಮೈಸೂರಿನ ಹುಡುಗಿ. ಗಂಡ ಗುರುರಾಜ ಧಾರವಾಡದವನು. ಇಬ್ಬರದೂ ಸಾಫ್ಟ್‌ವೇರ್. ನಾಲ್ಕನೇ ಮಹಡಿ. ಹೆಣ್ಣು ಕೂಸು, ಹನ್ನೆರಡು ದಿನದ್ದು. ಬಾಣಂತನಕ್ಕೆ ಬರಬೇಕಾಗಿದ್ದ ಅವಳ ತಾಯಿ ಮೆಟ್ಟಿಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೈಸೂರಿನಲ್ಲೇ ಮಲಗಿದ್ದಾರೆ.

ಮೊದಲ ದಿನವೇ ನನ್ನ ಮಾನ ಹೋಯಿತು.

ಆ ಮನೆಯ ಬಾತ್‌ರೂಮಿನಲ್ಲಿ ಒಂದು ಗೀಸರ್ ಇದೆ. ಉಪ್ಪಿನಕಾಯಿ ಭರಣಿಯಷ್ಟು ದೊಡ್ಡದು. ಮೊದಲ ಬಕೆಟ್ ಬಿಸಿ, ಎರಡನೆಯದು ಉಗುರು ಬೆಚ್ಚಗೆ, ಮೂರನೆಯದು ನೇರವಾಗಿ ನಲ್ಲಿಯ ನೀರು. ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕುಳಿತ ವಿದ್ಯಾಳ ಬೆನ್ನಿಗೆ ಆ ಮೂರನೇ ಬಕೆಟ್ ಬಿತ್ತು. ‘ಅಜ್ಜಿ, ತಣ್ಣಗಾಗೋಯ್ತು’ ಅಂದಳು. ಹಲ್ಲು ಕಟಕಟ ಅನ್ನುತ್ತಿತ್ತು. ಬಾಣಂತಿಗೆ ಎರೆಯುವುದೆಂದರೆ ಎರಡು ಹಂಡೆ ನೀರು, ಕೂಸಿಗೆ ಅರ್ಧ ಹಂಡೆ. ಒಂದೂಕಾಲು ತಾಸು ಕೆಲಸ. ಕೊನೆಯ ಚೊಂಬು ಮೊದಲ ಚೊಂಬಿನಷ್ಟೇ ಬಿಸಿ ಇರಬೇಕು. ಇದು ಭರಣಿಯಿಂದ ಆಗುವ ಮಾತಲ್ಲ.

ನಾನು ತೀರ್ಮಾನ ಮಾಡಿದೆ. ನನ್ನ ತಾಮ್ರದ ಹಂಡೆ ತರುವುದು. ಬಾತ್‌ರೂಮಿನ ಮೂಲೆಯಲ್ಲಿ ಇಡುವುದು. ಬಾಯಿಗೆ ಅಡ್ಡ ಕೋಲು ಹಾಕಿ, ನೀರು ಕಾಯಿಸುವ ದೊಡ್ಡ ರಾಡು ಎರಡನ್ನು ಇಳಿಬಿಡುವುದು. ಗೋಡೆಯಲ್ಲಿ, ಹಂಡೆಯ ತಲೆಯ ಮೇಲೆಯೇ, ಪ್ಲಗ್ ಚುಚ್ಚಲು ಹೊಸದೊಂದು ಪಾಯಿಂಟ್.

ಗುರುರಾಜನನ್ನು ಕೇಳಿದೆ. ಕಿವಿಗೆ ಫೋನು ಹಚ್ಚಿಕೊಂಡೇ ಇದ್ದ. ‘ನಿಮಗ ಹೆಂಗ ಅನುಕೂಲ ಹಂಗ ಮಾಡ್ರಿ ಅಜ್ಜಿ’ ಅಂದ.

‘ಯಾವ ವೈರು ತರಬೇಕು? ನೀ ಎಂಜಿನಿಯರ್ ಅದಿ ಅಲ್ಲೊ?’

‘ನಂದು ಸಾಫ್ಟ್‌ವೇರ್ ಅಜ್ಜಿ.’

‘ಓದಿದ್ದು?’

‘ಓದಿದ್ದು ಎಲೆಕ್ಟ್ರಿಕಲ್. ಮರ್ತೀನಿ.’

ಆ ಬಿಲ್ಡಿಂಗಿನಲ್ಲಿ ನಲವತ್ತು ಫ್ಲ್ಯಾಟ್. ಮನೆಗಿಬ್ಬರು ಎಂಜಿನಿಯರು. ಒಂದು ಪಾಯಿಂಟಿಗೆ ಎಷ್ಟು ದಪ್ಪದ ವೈರು ಬೇಕು ಅಂತ ಹೇಳುವ ಒಬ್ಬ ಗಂಡಸಿಲ್ಲ, ಹೆಂಗಸಿಲ್ಲ. ಇದು ಯಾವ ಸೀಮೆಯ ಎಂಜಿನಿಯರಿಂಗ್, ನೀವೇ ಹೇಳಿ?

ನಾನೇ ಬಸ್ಸು ಹತ್ತಿ ಅಬಿಡ್ಸಿನ ಪೇಟೆಗೆ ಹೋದೆ. ಹಂಡೆ, ಚೊಂಬು, ಪಾತ್ರೆ ಎಲ್ಲ ಅಲ್ಲೇ ಕೊಂಡವಳು. ವೈರು ಯಾವ ದೊಡ್ಡ ವಿಷಯ? ಅಂಗಡಿಯವನು ನಾಲ್ಕು ಸುರುಳಿ ತೆಗೆದು ಇಟ್ಟ. ನಾನು ಸೀರೆ ಆರಿಸುವ ಹಾಗೆ ಆರಿಸಿದೆ. ಹಿಚುಕಿ ನೋಡಿದೆ, ಬಗ್ಗಿಸಿ ನೋಡಿದೆ, ಕೈಯಲ್ಲಿ ತೂಗಿ ನೋಡಿದೆ. ಒಂದು ಮಾತ್ರ ಹೆಬ್ಬೆರಳಿನ ದಪ್ಪ ಇತ್ತು. ಕಪ್ಪಗೆ, ಮಿರಿಮಿರಿ, ಹಾವಿನ ಹಾಗೆ ಮೆತ್ತಗೆ. ಉಳಿದವು ಸಣಕಲು. ‘ಯಾವುದಕ್ಕಮ್ಮಾ?’ ಅಂದ. ‘ಪಾಯಿಂಟಿಗೆ’ ಅಂದೆ. ದಪ್ಪದ್ದನ್ನು ಚೀಲಕ್ಕೆ ಹಾಕಿಸಿಕೊಂಡು ಬಂದೆ.

ಮಂಗಳವಾರ ಬೆಳಿಗ್ಗೆ ಎಲೆಕ್ಟ್ರಿಶಿಯನ್ ಬಂದ. ಹೆಸರು ನರಸಿಂಲು. ಐವತ್ತರ ಆಸುಪಾಸು, ಮೀಸೆ ಅರ್ಧ ಬೆಳ್ಳಗೆ. ಜಹೀರಾಬಾದಿನವನು, ತಾಯಿಯ ತವರು ಬೀದರ್. ಹಾಗಾಗಿ ನನ್ನ ಜೊತೆ ಕನ್ನಡದಲ್ಲೇ ಮಾತಾಡಿದ. ಆ ಬಿಲ್ಡಿಂಗಿನ ಎಲ್ಲ ಮನೆಗಳ ಕೆಲಸ ಅವನದೇ.

ವೈರನ್ನು ಕೈಗೆ ತೆಗೆದುಕೊಂಡ.

‘ಇದ್ ಯಾರ್ ತಂದಾರ್ರಿ ಅವ್ವಾ?’

‘ನಾನ ತಂದೀನಿ. ದಪ್ಪಂದ ನೋಡಿ ತಂದೀನಿ.’

‘ದಪ್ಪ ಅದ. ರಬ್ಬರ್ ದಪ್ಪ ಅದ’ ಅಂದ. ತುದಿಯ ಸಿಪ್ಪೆ ಸುಲಿದು ನನ್ನ ಕಣ್ಣಿನ ಹತ್ತಿರ ಹಿಡಿದ. ಅಷ್ಟು ದಪ್ಪದ ಕಪ್ಪು ಚರ್ಮದ ಒಳಗೆ ಎರಡೇ ಎರಡು ಸಣ್ಣ ವೈರು. ಅವುಗಳ ಒಳಗೆ ತಾಮ್ರ ನಾಲ್ಕು ಕೂದಲೆಳೆ ಇದ್ದ ಹಾಗೆ.

‘ತೆನಿ ದೊಡ್ಡದದ. ಕಾಳಿಲ್ಲ’ ಅಂದ.

ಜೋಳದ ಸೀಮೆಯವಳು ನಾನು. ಈ ಮಾತು ನನಗೆ ನಾಟಲೇಬೇಕಿತ್ತು. ಆದರೆ ಸಿಟ್ಟು ಬಂತು. ಅಬಿಡ್ಸಿನ ತನಕ ಹೋಗಿ ಬಂದ ಮೊಣಕಾಲು ನನ್ನದಲ್ಲವೇ?

‘ಮೂರನೇದ್ ಎಲ್ಲಿ?’ ಅಂತ ಕೇಳಿದ.

‘ಮೂರನೇದ್ ಯಾಕ ಬೇಕು? ನಮ್ಮ ಕ್ವಾರ್ಟರ್ಸಿನಾಗ ಎರಡರಾಗ ಬರ್ತಿತ್ತು ಕರೆಂಟು.’

‘ಅದು ಕರೆಂಟ್ ಬರಾಕಲ್ರಿ. ದಾರಿ ತಪ್ಪಿದ್ ಕರೆಂಟು ಭೂಮಿಗಿ ಹೋಗಾಕ. ಮೂರನೇದ್ ಇಲ್ಲಂದ್ರ ಅದು ಮನುಷ್ಯಾರ ಮೈಯಾಗಿಂದ ಹೋಗ್ತದ.’

ಅವನು ಮುಂದುವರಿಸಿದ.

‘ಏನ್ ನಡಸ್ತೀರಿ ಇದರ ಮ್ಯಾಲ?’

‘ನೀರ ಕಾಸೋ ರಾಡು.’

‘ಒಂದಾ?’

‘ಒಂದ.’

‘ಎಷ್ಟ್ ಹೊತ್ತು?’

‘ಹತ್ತ್ ನಿಮಿಷ.’

ಯಾಕೆ ಸುಳ್ಳು ಹೇಳಿದೆ? ನಮ್ಮ ಜನಕ್ಕೆ ಒಂದು ರೋಗವಿದೆ. ಕೆಲಸದವನಿಗೆ ಪೂರ್ತಿ ಹೇಳಿದರೆ ಅವನು ಕೆಲಸ ಬೆಳೆಸುತ್ತಾನೆ ಅಂತ ನಂಬಿಕೆ. ಹಾಗಾಗಿ ಎಲ್ಲವನ್ನೂ ಅರ್ಧ ಹೇಳುತ್ತೇವೆ. ಆದರೆ ಅವನ ಕಣ್ಣು ಆಗಲೇ ಬಾಗಿಲ ಹಿಂದಿನ ಮೂಲೆಗೆ ಹೋಗಿತ್ತು. ಅಲ್ಲಿ ಪೇಪರ್ ಸುತ್ತಿದ ರಾಡು ನಿಂತಿದ್ದವು. ಎರಡು.

‘ಡಾಕ್ಟರ್ ಬಲ್ಲಿ ಹೋದಾಗೂ ಅರ್ಧಾನೇ ರೋಗ ಹೇಳ್ತೀರೇನ್ರಿ?’

ಹಿಂದೆ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ವಿದ್ಯಾ ನಕ್ಕಳು. ನನಗೆ ರೇಗಿ ಎಲ್ಲ ಹೇಳಿದೆ. ಎರಡು ರಾಡು. ಒಂದೂಕಾಲು ತಾಸು. ದಿನಾ. ಮೂರು ತಿಂಗಳು. ಇದು ನಿನ್ನ ಗೀಸರಿನ ಹುಡುಗಾಟದ ಸ್ನಾನ ಅಲ್ಲ, ಬಾಣಂತಿ ಸ್ನಾನ.

‘ಹೆಂಗ ಎರೀತೀರಿ? ತೋರಸ್ರಿ’ ಅಂದ.

ನಲವತ್ತು ವರ್ಷದಲ್ಲಿ ಯಾವ ಗಂಡಸೂ ನನ್ನ ಕೆಲಸ ತೋರಿಸು ಅಂತ ಕೇಳಿರಲಿಲ್ಲ. ತೋರಿಸಿದೆ. ಬಾತ್‌ರೂಮಿನಲ್ಲಿ ಆಗಲೇ ತಂದಿಟ್ಟಿದ್ದ ಹಂಡೆಯ ಪಕ್ಕ ಮಣೆಯ ಮೇಲೆ ಕುಳಿತೆ. ಕಾಲು ಚಾಚಿದೆ. ಟವೆಲ್ಲನ್ನು ಸುತ್ತಿ ಕೂಸಿನ ಹಾಗೆ ಕಣಕಾಲಿನ ಮೇಲೆ ಬೋರಲು ಮಲಗಿಸಿದೆ. ಎಡಗೈ ಕೂಸಿನ ಎದೆಯ ಕೆಳಗೆ. ಬಲಗೈಯಲ್ಲಿ ತಾಮ್ರದ ಚೊಂಬು. ಹಂಡೆಗೆ ಅದ್ದುವುದು, ಸುರಿಯುವುದು. ಅದ್ದುವುದು, ಸುರಿಯುವುದು. ಕೈ ನಿಲ್ಲಬಾರದು, ನಿಂತರೆ ಕೂಸಿಗೆ ಗಾಳಿ ತಾಗುತ್ತದೆ.

ಅವನು ನೋಡುತ್ತಿದ್ದ. ನನ್ನ ಕೈ ಹಂಡೆಯ ಒಳಗೆ ಹೋದಾಗ ‘ತಡೀರಿ’ ಅಂದ.

‘ಈಗ ರಾಡ್ ಎಲ್ಲಿರ್ತಾವ?’

‘ಹಂಡೆದಾಗ.’

‘ಬಂದ್ ಮಾಡಿರ್ತೀರಿ?’

‘ಯಾಕ ಬಂದ್ ಮಾಡ್ಲಿ? ನೀರು ಆರೂದಿಲ್ಲೇನು?’

ಇದು ನಾನು ಹುಟ್ಟಿಸಿದ ಪದ್ಧತಿಯಲ್ಲ. ಎರೆದು ಮುಗಿಯುವ ತನಕ ಬಾಣಂತಿ ಹಂಡೆಯ ಒಲೆ ಆರಬಾರದು. ನಮ್ಮವ್ವ ಹಾಗೇ ಮಾಡಿದಳು, ಅತ್ತೆ ಹಾಗೇ ಮಾಡಿದಳು. ಕೆಳಗೆ ಕಟ್ಟಿಗೆ ಉರಿಯುತ್ತಿರುತ್ತದೆ, ಮೇಲೆ ನಾವು ಮೊಗೆಯುತ್ತಿರುತ್ತೇವೆ. ಮಣಿಕೊಂಡದ ನಾಲ್ಕನೇ ಮಹಡಿಯಲ್ಲಿ ಕಟ್ಟಿಗೆ ಎಲ್ಲಿಂದ ಬರಬೇಕು? ಕಟ್ಟಿಗೆಯ ಜಾಗಕ್ಕೆ ರಾಡು ತಂದೆ. ಪದ್ಧತಿ ಅದೇ ಇಟ್ಟುಕೊಂಡೆ.

ನರಸಿಂಲು ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ವಿದ್ಯಾಳ ನಗು ನಿಂತಿತ್ತು. ಅವಳು ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು.

‘ಅವ್ವಾ, ಆ ಒಲಿ ಹಂಡೆ ಹೊರಗಿತ್ತು. ಈ ಒಲಿ ನೀರಾಗೇ ಅದ’ ಅಂದ.

ಆಮೇಲೆ ಎದ್ದು ಇಕ್ಕಳ ತೆಗೆದ. ಕತ್ತರಿಸಲು ಶುರು ಮಾಡಿದ. ನಾನು ಕೈ ಹಿಡಿಯಲು ಹೋದೆ. ಬಿಡಲಿಲ್ಲ.

‘ನಾ ಹಾಕಲ್ಲ ಅಂದ್ರ ನೀವ್ ಇನ್ನೊಬ್ಬನ್ನ ಕರೀತೀರಿ. ಅವ ಹಾಕ್ತಾನ. ಅದಕ್ಕ.’

ನನ್ನನ್ನು ಅಷ್ಟು ಚೆನ್ನಾಗಿ ಅವನು ಹೇಗೆ ತಿಳಿದುಕೊಂಡನೋ. ಅವನು ಹೋದ ಒಂದು ತಾಸಿಗೆ ನಾನು ವಾಚ್‌ಮನ್‌ಗೆ ಹೇಳಿ ಇನ್ನೊಬ್ಬನನ್ನು ಕರೆಸಿದೆ.

ಅವನು ಬಂದ. ಬಾತ್‌ರೂಮು ನೋಡಿದ, ಹಂಡೆ ನೋಡಿದ, ತುಂಡುಗಳನ್ನು ನೋಡಿದ. ‘ಏಮ್ ಪರ್ವಾಲೇದಮ್ಮಾ’ ಅಂದ. ಏನೂ ಚಿಂತೆಯಿಲ್ಲವಂತೆ. ಹನ್ನೊಂದು ತುಂಡನ್ನೂ ಒಂದಕ್ಕೊಂದು ಹೆಣೆದು, ಟೇಪ್ ಸುತ್ತಿ, ಅರ್ಧ ತಾಸಿನಲ್ಲಿ ಹಂಡೆಯ ಮೇಲೆ ಪಾಯಿಂಟ್ ಕೂರಿಸಿ ಕೊಡುತ್ತಾನಂತೆ. ಆಗಲೇ ಏಣಿ ಹತ್ತಲು ತಯಾರು.

ಬೆಳಿಗ್ಗೆಯಿಂದ ನನಗೆ ಬೇಕಾಗಿದ್ದದ್ದು ಇಂಥ ಮನುಷ್ಯನೇ ತಾನೇ? ಆದರೂ ಏಣಿಗೆ ಕೈ ಅಡ್ಡ ಹಿಡಿದೆ. ಯಾಕೆಂದು ಆ ಕ್ಷಣಕ್ಕೆ ನನಗೂ ಗೊತ್ತಾಗಲಿಲ್ಲ.

ಆಮೇಲೆ ಗೊತ್ತಾಯಿತು. ಅವನು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಏನು ನಡೆಸುತ್ತೀರಿ, ಎಷ್ಟು ನಡೆಸುತ್ತೀರಿ, ಎಷ್ಟು ಹೊತ್ತು, ಯಾವುದೂ ಇಲ್ಲ.

ನಾನು ಯಾವ ಮನೆಗೆ ಹೋದರೂ ಎಣ್ಣೆ ಮುಟ್ಟುವ ಮೊದಲು ಕೇಳುತ್ತೇನೆ. ಹೆರಿಗೆ ಹೆಂಗಾತು? ಹೊಲಿಗಿ ಹಾಕ್ಯಾರೇನು? ಜ್ವರ ಐತೇನು? ಹಾಲು ಬಂದೈತೇನು? ಹೊಕ್ಕಳ ಉದರೈತೇನು? ಏನೂ ಕೇಳದೆ ಬಾಣಂತಿಯ ತಲೆಗೆ ನೀರು ಸುರಿಯುವ ಹೆಂಗಸನ್ನು ಕಂಡರೆ ನಾನೇ ಮನೆಯಿಂದ ಓಡಿಸುತ್ತೇನೆ. ಓಡಿಸಿದ್ದೇನೆ ಕೂಡ. ನನ್ನ ಕೆಲಸಕ್ಕೆ ಇರುವ ಆ ನಿಯಮ ಇನ್ನೊಬ್ಬನ ಕೆಲಸಕ್ಕೂ ಇರುತ್ತದೆ ಅಂತ ಈ ವಯಸ್ಸಿಗೆ ಹೊಳೆಯಬೇಕೇ?

‘ನೀ ಹೋಗಪ್ಪಾ’ ಅಂದೆ. ಅವನು ಗೊಣಗುತ್ತ ಹೋದ.

ಸಂಜೆ ಗುರುರಾಜ ಬಂದ. ವಿದ್ಯಾ ಎಲ್ಲ ಹೇಳಿದಳು. ನನ್ನನ್ನು ಏನೂ ಅನ್ನಲಿಲ್ಲ. ರಾಡಿಗೆ ಸುತ್ತಿದ ಪೇಪರ್ ಬಿಚ್ಚಿ, ಹಿಡಿಕೆಯ ಮೇಲೆ ಬರೆದಿದ್ದನ್ನು ಓದಿ, ಕೂಸಿನ ಔಷಧಿ ಚೀಟಿಯ ಹಿಂದೆ ಏನೋ ಗೀಚಿದ. ಗುಣಿಸಿದ, ಭಾಗಿಸಿದ. ಮರೆತಿದ್ದೇನೆ ಅಂದವನಿಗೆ ಎಲ್ಲ ನೆನಪಿತ್ತು.

‘ಅಜ್ಜಿ, ಎರಡೂ ರಾಡ್ ಕೂಡಿ ಹದಿನೇಳೂವರಿ ಆಂಪ್ ಎಳೀತಾವ. ನೀವು ತಂದ ವೈರು ಭಾಳ ಅಂದ್ರ ಹತ್ತು ತಡೀತಿತ್ತೇನೋ.’

‘ತಡೀದಿದ್ರ?’

‘ಗ್ವಾಡಿಯೊಳಗ ಕಾಯ್ತಿತ್ತು. ಒಂದ್ ದಿನ ಕಾದ್ರ ಗೊತ್ತಾಗ್ತಿರಲಿಲ್ಲ. ದಿನಾ ತಾಸುಗಟ್ಟಲೆ ಕಾಯ್ಕೋತ ಕಾಯ್ಕೋತ, ಮ್ಯಾಲಿನ ರಬ್ಬರ್ ಕರಗಿ...’

ನಡುಮನೆಯಲ್ಲಿದ್ದ ತೊಟ್ಟಿಲ ಕಡೆ ನೋಡಿದ. ಅಳುವ ಹಾಗಿದ್ದ. ‘ಮುಖ ತೊಳಕೊಂಡ್ ಬಾ ಹೋಗು’ ಅಂದೆ.

ನಾನು ಹಣೆ ಚಚ್ಚಿಕೊಳ್ಳುವವಳಲ್ಲ. ಆದರೆ ಒಂದು ಲೆಕ್ಕ ಬಿಡದೆ ಕಾಡಿತು. ಇದೇ ಮಣಿಕೊಂಡದಲ್ಲಿ, ಇದಕ್ಕಿಂತ ಮೊದಲು ಮೂರು ಮನೆಗಳಲ್ಲಿ ನಾನು ರಾಡು ಚಾಲೂ ಇಟ್ಟುಕೊಂಡೇ ಮೊಗೆದು ಎರೆದಿದ್ದೇನೆ. ಅಲ್ಲಿನ ವೈರು ಎಂಥದ್ದೋ, ಮೂರನೇ ತಂತಿ ಇತ್ತೋ ಇಲ್ಲವೋ. ಕೇಳಿಲ್ಲ. ಕಣಕಾಲ ಮೇಲೆ ಕೂಸು, ಒದ್ದೆ ನೆಲ, ತಾಮ್ರದ ಚೊಂಬು, ಚಾಲೂ ಇದ್ದ ರಾಡು. ಆ ಮೂರು ಮಕ್ಕಳು ಇವತ್ತು ಓಡಾಡಿಕೊಂಡಿದ್ದಾರೆ. ಅದು ನನ್ನ ಕೈಗುಣ ಅಂತ ಅವರ ತಾಯಂದಿರು ಹೇಳುತ್ತಾರೆ. ಕೈಗುಣವಂತೆ. ಪುಣ್ಯ ಅನ್ನಿ, ಅಷ್ಟೇ.

ಮರುದಿನ ಬೆಳಿಗ್ಗೆ ನರಸಿಂಲುವನ್ನು ಕರೆಸಿದೆ. ಬಂದ.

‘ಬಂದಿ?’

‘ಬಂದೆ.’

ತಪ್ಪಾಯಿತು ಅಂತ ನಾನು ಹೇಳಲಿಲ್ಲ, ಅವನೂ ಕಾಯಲಿಲ್ಲ. ಚೀಲದಿಂದ ತನ್ನ ವೈರು ತೆಗೆದ. ಕೆಂಪು, ಕಪ್ಪು, ಹಸಿರು, ಮೂರು ಬೇರೆ ಬೇರೆ ಸುರುಳಿ. ಒಂದೊಂದೂ ನನ್ನ ಮಿರಿಮಿರಿ ವೈರಿಗಿಂತ ಎಷ್ಟೋ ಸಣ್ಣದು, ಬಗ್ಗಿಸಿದರೆ ಬಿರುಸು. ಅಂಗಡಿಯಲ್ಲಿ ನಾನು ಸಣಕಲು ಅಂತ ಪಕ್ಕಕ್ಕೆ ತಳ್ಳಿದ ಜಾತಿಯದೇ. ತುದಿ ಸುಲಿದು ತೋರಿಸಿದ. ಸಿಪ್ಪೆ ತೆಳ್ಳಗೆ, ಒಳಗೆಲ್ಲ ತಾಮ್ರ. ತುಂಬಿದ ತೆನೆ.

‘ಮ್ಯಾಲ ಬರದದ ನೋಡ್ರಿ. ಓದ್ರಿ.’

‘ನನಗ ಇಂಗ್ಲಿಷ್ ಬರಂಗಿಲ್ಲ.’

‘ಅಂಕಿ ಬರ್ತಾವಲ್ಲ?’

ಕಣ್ಣು ಕಿರಿದು ಮಾಡಿ ನೋಡಿದೆ. ‘ನಾಕು’ ಅಂದೆ.

‘ಅಷ್ಟ್ ಬಂದ್ರ ಸಾಕು.’

ಓದುಗರೇ, ನಿಮ್ಮಲ್ಲಿ ಓದಿದವರೇ ಹೆಚ್ಚು. ಆದರೂ ಹೇಳುತ್ತೇನೆ, ನಿಮ್ಮ ಗುರುರಾಜರನ್ನು ನೋಡಿದ್ದೇನಲ್ಲ. ಆ ಅಂಕಿ ಒಳಗಿನ ತಾಮ್ರದ ಲೆಕ್ಕ, ಮೇಲಿನ ರಬ್ಬರಿನದಲ್ಲ. ದೀಪಕ್ಕೆ, ಫ್ಯಾನಿಗೆ ಒಂದೂವರೆ ಸಾಕಂತೆ. ಸಾಮಾನ್ಯ ಪ್ಲಗ್ಗಿಗೆ ಎರಡೂವರೆ. ಬಹಳ ಹೊತ್ತು ಕಾಯುವ ನೀರಿನ ಮೆಷಿನ್ನಿಗೆ ನಾಲ್ಕು. ಅದೂ ಬಾಗಿಲ ಹತ್ತಿರದ ಬೋರ್ಡಿನಿಂದ ನೇರವಾಗಿ, ಬೇರೆಯದೇ ಲೈನು. ಫ್ರಿಜ್ಜಿನ ಜೊತೆ, ಮಿಕ್ಸಿಯ ಜೊತೆ ಹಂಚಿಕೊಳ್ಳುವ ಹಾಗಿಲ್ಲ. ತಪ್ಪಾದರೆ ತಾನೇ ಆರಿಹೋಗುವ ಸ್ವಿಚ್ಚು ಅದಕ್ಕೇ ಬೇರೆ. ಭೂಮಿಗೆ ಹೋಗುವ ಹಸಿರು ತಂತಿ ಇರಲೇಬೇಕು. ಇದು ವಿದ್ಯಾಳ ಮನೆಗೆ ಹೇಳಿದ ಲೆಕ್ಕ, ನಿಮ್ಮ ಮನೆಯ ಲೆಕ್ಕ ನಿಮ್ಮ ನರಸಿಂಲು ಹೇಳಲಿ. ಅವನಿಗೆ ಪೂರ್ತಿ ರೋಗ ಹೇಳಿ.

ರಾಡನ್ನು ಅವನು ಬಾತ್‌ರೂಮಿನ ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಗುರುರಾಜನಿಂದ ಒಂದು ದೊಡ್ಡ ಗೀಸರ್ ತರಿಸಿ ಗೋಡೆಯ ಮೇಲೆ ಎತ್ತರದಲ್ಲಿ ಕೂರಿಸಿದ. ಸ್ವಿಚ್ಚು ಬಾತ್‌ರೂಮಿನ ಹೊರಗೆ, ಕೆಂಪು ದೀಪದ ಜೊತೆ. ಗೀಸರಿನಿಂದ ಹಂಡೆ ತುಂಬುವುದು, ಮುಚ್ಚಳ ಹಾಕಿ ಗೋಣಿಚೀಲ ಸುತ್ತುವುದು, ಮತ್ತೆರಡು ಸಲ ಕಾಯಿಸಿ ಮನೆಯ ಬಕೆಟ್ಟುಗಳನ್ನೆಲ್ಲ ತುಂಬಿ ಮುಚ್ಚುವುದು. ಕೆಂಪು ದೀಪ ಆರಿಸಿದ ಮೇಲೆಯೇ ಬಾಣಂತಿ ಮಣೆಯ ಮೇಲೆ ಕೂರುವುದು. ಎರೆಯುವ ತನಕ ಒಲೆ ಆರಬಾರದು ಅಂತ ನಮ್ಮವ್ವ ಹೇಳಿದ್ದನ್ನು ನಾನು ಹೀಗೆ ಮುರಿದೆ. ಅವಳು ಬದುಕಿದ್ದರೆ ಒಪ್ಪುತ್ತಿರಲಿಲ್ಲ. ಒಪ್ಪದಿದ್ದರೆ ಕೂಗಾಡಿಕೊಳ್ಳಲಿ ಬಿಡಿ, ಅವಳ ಕಾಲದಲ್ಲಿ ಕಟ್ಟಿಗೆ ಯಾರಿಗೂ ಶಾಕ್ ಹೊಡೆಯಲಿಲ್ಲ.

ಕೆಲಸ ಮುಗಿದ ಮೇಲೆ ನರಸಿಂಲುವನ್ನು ಕೇಳಿದೆ. ‘ಇಷ್ಟ್ ಜೋರ್ ಮಾಡಿದೆಲ್ಲ, ನಿಮ್ಮ ಮನ್ಯಾಗ ಯಾರಿಗರೆ ಹಿಂಗ ಆಗಿತ್ತೇನು?’ ಏನೋ ದುಃಖದ ಕತೆ ಇರಬೇಕು ಅಂತ ನನ್ನ ಎಣಿಕೆ.

‘ಯಾರಿಗೂ ಏನೂ ಆಗಿಲ್ರಿ ಅವ್ವಾ’ ಅಂದ. ‘ಆಗಬಾರ್ದಂತೇ ಕೇಳೋದು.’

ಗುರುವಾರ ವಿದ್ಯಾಳಿಗೆ ಎರೆದೆ. ದೀಪ ಆರಿದೆಯೋ ಅಂತ ಎರಡು ಸಲ ಹೊರಗೆ ಹೋಗಿ ನೋಡಿ ಬಂದೆ. ಒಂದೂಕಾಲು ತಾಸು ನೀರು ಸುಡುಸುಡು. ಕೊನೆಗೆ ಅವಳು ಕಣ್ಣು ಮುಚ್ಚಿಕೊಂಡೇ ‘ಅಜ್ಜಿ, ಬೆನ್ನಿಗೆ ಇನ್ನೊಂದ್ ಚೊಂಬು’ ಅಂದಳು. ಮೊಗೆಯುವಾಗ ನನ್ನ ಕೈ ಹಂಡೆಯ ಬಾಯಲ್ಲಿ ಒಂದು ಕ್ಷಣ ನಿಂತಿತು. ನಲವತ್ತು ವರ್ಷದಲ್ಲಿ ಮೊದಲ ಸಲ. ಆಮೇಲೆ ಅದ್ದಿದೆ. ಬರೀ ಬಿಸಿನೀರು. ಕೂಸು ಬಿಲ್ಡಿಂಗೆಲ್ಲ ಕೇಳುವ ಹಾಗೆ ಕಿರುಚಿತು, ಮೂರು ತಾಸು ನಿದ್ದೆ ಮಾಡಿತು.

ನಿನ್ನೆ ಹೊಸದೊಂದು ಮನೆಯಿಂದ ಕರೆ ಬಂತು. ಮುಂದಿನ ತಿಂಗಳು ಹೆರಿಗೆ. ಫೋನಿನಲ್ಲೇ ಕೇಳಿದೆ. ಗೀಸರ್ ಎಷ್ಟು ದೊಡ್ಡದು, ವೈರಿನ ಮೇಲೆ ಯಾವ ಅಂಕಿ ಇದೆ, ಹಸಿರು ತಂತಿ ಇದೆಯೋ. ಆ ಹುಡುಗ ನಕ್ಕ. ‘ಅಜ್ಜಿ, ನೀವು ಎಣ್ಣೆ ಹಚ್ಚೋಕೆ ಬರೋದಲ್ವಾ?’ ಅಂದ. ಎಲೆಕ್ಟ್ರಿಶಿಯನ್‌ಗೆ ತೋರಿಸಿಕೊಂಡು ಆಮೇಲೆ ಫೋನು ಮಾಡು, ಅಲ್ಲಿಯ ತನಕ ನಾನು ಬರುವುದಿಲ್ಲ ಅಂದೆ. ಅವನಿಗೆ ಸಿಟ್ಟು ಬಂತು. ಬರಲಿ. ಮಂಗಳವಾರ ನನಗೂ ಬಂದಿತ್ತು.

ಹೇಳಿದ್ದನ್ನೆಲ್ಲ ಮಾಡಿಕೊಟ್ಟವರಿಗೆ ನಾವು ದಿನಕ್ಕೆ ಹತ್ತು ಸಲ ಥ್ಯಾಂಕ್ಸ್ ಅನ್ನುತ್ತೇವೆ. ‘ಇದನ್ನು ನಾ ಮಾಡಲ್ಲ’ ಎಂದವರಿಗೆ ನೀವು ಕೊನೆಯ ಸಲ ಥ್ಯಾಂಕ್ಸ್ ಅಂದದ್ದು ಯಾವಾಗ?